ಕಾಯಿಲ್ ಚಿಕ್ಕದಾದಷ್ಟೂ ಕಾವು ಹೆಚ್ಚು

ಗ್ಯಾಸ್ ಸಿಲಿಂಡರ್ ಸುಲಭವಾಗಿ ಸಿಗದಿದ್ದ ಕಾಲದಲ್ಲಿ, ಕೋಲಾರದ ಬಾಡಿಗೆ ಕೋಣೆಗಳಲ್ಲಿದ್ದು ಓದುತ್ತಿದ್ದ ಹುಡುಗರಿಗೆ ಅನ್ನ ಬೇಯಿಸಿಕೊಟ್ಟದ್ದು ಕರೆಂಟ್ ಒಲೆ. ಬಿಳಿ ಮಣ್ಣಿನ ಬಿಲ್ಲೆ, ಅದರಲ್ಲಿ ಸುತ್ತು ಸುತ್ತಾಗಿ ಕೊರೆದ ಕಾಲುವೆ, ಕಾಲುವೆಯೊಳಗೆ ಸ್ಪ್ರಿಂಗಿನಂತೆ ಮಲಗಿದ ಕಾಯಿಲ್. ಬಿ.ಎಸ್‌ಸಿ. ಓದುವಾಗ ನಾನೂ ಅದರ ಮೇಲೆಯೇ ಅನ್ನ, ಸಾರು ಮಾಡಿಕೊಂಡವನು. ಸಾರು ಉಕ್ಕಿ ಚೆಲ್ಲಿದರೆ ಕಾಯಿಲ್ ಪಟ್ಟನೆ ತುಂಡಾಗುತ್ತಿತ್ತು. ಹೊಸದಕ್ಕೆ ದುಡ್ಡಿಲ್ಲದವರು ಪ್ಲಗ್ ಕಿತ್ತು, ಸುಟ್ಟ ಭಾಗವನ್ನು ಕತ್ತರಿಸಿ ಎಸೆದು, ಉಳಿದ ಎರಡು ತುದಿಗಳನ್ನು ಹೊಸೆದು ಮತ್ತೆ ಒಲೆ ಹಚ್ಚುವುದು ರೂಢಿ. ಹಾಗೆ ರಿಪೇರಿಯಾದ ಒಲೆ ಮೊದಲಿಗಿಂತ ಹೆಚ್ಚು ಕೆಂಪಾಗುತ್ತಿತ್ತು. ಅನ್ನವೂ ಬೇಗ ಬೇಯುತ್ತಿತ್ತು. ಆದರೆ ಸ್ವಲ್ಪ ದಿನಕ್ಕೇ ಕಾಯಿಲ್ ಮತ್ತೆ ತುಂಡು!

ತಂತಿ ಕಡಿಮೆಯಾದರೆ ಕಾವು ಏಕೆ ಹೆಚ್ಚಬೇಕು? ಹತ್ತನೆಯ ತರಗತಿಯ ಪುಸ್ತಕದಲ್ಲೇ ಇದಕ್ಕೆ ಉತ್ತರವಿದೆ. ತಂತಿ ಉದ್ದವಾದಷ್ಟೂ ಅದರ ರೋಧ ಹೆಚ್ಚು, ದಪ್ಪವಾದಷ್ಟೂ ಕಡಿಮೆ. ಮನೆಗೆ ಬರುವ ವೋಲ್ಟೇಜ್ ಬದಲಾಗುವುದಿಲ್ಲವಾದ್ದರಿಂದ ರೋಧ ಇಳಿದರೆ ಪ್ರವಾಹ ಏರುತ್ತದೆ, ಶಾಖವೂ ಏರುತ್ತದೆ. ಸಾವಿರ ವಾಟ್ ಒಲೆಯ ಕಾಯಿಲ್‌ನಲ್ಲಿ ಹತ್ತರಲ್ಲೊಂದು ಭಾಗ ಕತ್ತರಿಸಿದರೆ ಅದು ಸುಮಾರು 1110 ವಾಟ್ ಎಳೆಯುತ್ತದೆ. ಶಾಖ ಹೆಚ್ಚಾಯಿತು, ಆದರೆ ಅದನ್ನು ಹೊರಗೆ ಬಿಡಬೇಕಾದ ತಂತಿಯ ಮೈ ಕಡಿಮೆಯಾಯಿತು. ಮೈಯ ಪ್ರತಿ ಚದರ ಮಿಲಿಮೀಟರಿನ ಮೇಲೆ ಬೀಳುವ ಹೊರೆ ಮೊದಲಿಗಿಂತ ಶೇಕಡ 23ರಷ್ಟು ಹೆಚ್ಚು. ಕಾಯಿಲ್ ಬೇಗ ಸಾಯುವುದಕ್ಕೆ ಇನ್ನೇನು ಬೇಕು?

ತಂತಿ ಬಿಸಿಯಾಗುವ ಈ ಗುಣ ನಮ್ಮ ಜಿಲ್ಲೆಗೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ ತಂದರು. ಅಷ್ಟು ಉದ್ದದ ತಂತಿಯಲ್ಲಿ ಕರೆಂಟು ಶಾಖವಾಗಿ ಸೋರಿಹೋಗಬಾರದೆಂದು ವೋಲ್ಟೇಜನ್ನು ಬಹಳ ಎತ್ತರಕ್ಕೇರಿಸಿ, ಪ್ರವಾಹವನ್ನು ತಗ್ಗಿಸಿ ಕಳಿಸಿದರು. ಅಲ್ಲಿ ಶಾಖ ಶತ್ರು. ಒಲೆಯಲ್ಲಿ ಅದೇ ಶಾಖ ನಮ್ಮ ನಂಟ. 1906ರಲ್ಲಿ ಅಮೆರಿಕದ ಆಲ್ಬರ್ಟ್ ಮಾರ್ಷ್ ನಿಕ್ಕಲ್ ಮತ್ತು ಕ್ರೋಮಿಯಂ ಬೆರೆಸಿದ ತಂತಿಗೆ ಪೇಟೆಂಟ್ ಪಡೆದ. ಕೆಂಪಗೆ ಕಾದರೂ ಬೇಗ ತುಕ್ಕು ಹಿಡಿಯದ ಈ ನೈಕ್ರೋಮ್‌ನಿಂದಲೇ ಕರೆಂಟ್ ಒಲೆ, ಇಸ್ತ್ರಿಪೆಟ್ಟಿಗೆಗಳು ಮನೆ ಮನೆಗೆ ಬಂದವು.

ಈ ಪಾಠವನ್ನು ನಾನು ಬಹಳ ವರ್ಷಗಳಿಂದ ಕರೆಂಟ್ ಒಲೆ ತೋರಿಸಿಯೇ ಮಾಡುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. "ಸಾರ್, ವೇಪ್‌ನಲ್ಲಿ ಕಾಯಿಲ್ ದೊಡ್ಡದಾದ್ರೆ ರುಚಿ ಜಾಸ್ತಿನಾ?" ತರಗತಿ ಗಪ್‌ಚಿಪ್.

ಆ ಪ್ರಶ್ನೆ ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು. ಹದಿನೈದು ದಿನ ಮೊದಲು ಪೋಷಕರ ಸಭೆ ಮುಗಿದ ಮೇಲೆ ಶ್ರೀನಿವಾಸಪುರದ ಕಡೆಯ ಮಾವಿನ ತೋಟದ ರೈತರೊಬ್ಬರು ನನ್ನ ಮೇಜಿನ ಮೇಲೆ ಬೆರಳುದ್ದದ ವಸ್ತುವೊಂದನ್ನು ಇಟ್ಟಿದ್ದರು. "ಇದು ಪೆನ್ ಡ್ರೈವ್ ಅಂತಾನೆ ಮಗ. ಪೆನ್ ಡ್ರೈವಿಗೆ ಮಾವಿನಹಣ್ಣಿನ ವಾಸನೆ ಯಾಕ್ ಸಾರ್ ಬರ್ತದೆ? ಅದೂ ಬಾದಾಮಿದಲ್ಲ, ರಸಪುರಿದಲ್ಲ, ತೋತಾಪುರಿದೂ ಅಲ್ಲ" ಎಂದರು. ಅದು ಇ-ಸಿಗರೇಟು. ಹೊಗೆಸೊಪ್ಪಿನ ನಿಕೋಟಿನ್ ಬೆರೆಸಿದ ದ್ರಾವಣವನ್ನು ಪುಟ್ಟ ಕಾಯಿಲ್‌ನಿಂದ ಕಾಯಿಸಿ ಆವಿ ಎಳೆಯುವ ಉಪಕರಣ. ಮಾವಿನ ವಾಸನೆ ಅದಕ್ಕೆ ತೊಡಿಸಿದ ಅಂಗಿ.

ಕೇಳಿದ ಹುಡುಗ ಅವರ ಮಗನೇ. ಗದರಿಸಿ ಕೂರಿಸಬಹುದಿತ್ತು. ಗದರಿಸಿದರೆ ಪ್ರಶ್ನೆ ಸಾಯುವುದಿಲ್ಲ, ಉತ್ತರಕ್ಕಾಗಿ ಬೇರೆ ಬಾಗಿಲು ತಟ್ಟುತ್ತದೆ. ಅಂಥ ಬಾಗಿಲುಗಳಲ್ಲಿ ಮಾರುವವರೇ ಮೇಷ್ಟ್ರು. ಆದ್ದರಿಂದ "ಲೆಕ್ಕ ಹಾಕಿಯೇ ನೋಡೋಣ ಬಾ" ಎಂದು ಅವನ ಕೈಗೆ ಸೀಮೆಸುಣ್ಣ ಕೊಟ್ಟೆ.

ಆ ಉಪಕರಣದ ಬ್ಯಾಟರಿ 3.7 ವೋಲ್ಟ್. ಕಾಯಿಲ್‌ನ ರೋಧ 1.5 ಓಮ್ ಇದ್ದರೆ ಸುಮಾರು 9 ವಾಟ್ ಶಾಖ. ದಪ್ಪ ತಂತಿ ಸುತ್ತಿ ರೋಧವನ್ನು ಅರ್ಧ ಓಮ್‌ಗೆ ಇಳಿಸಿದರೆ 27 ವಾಟ್. ಪ್ರವಾಹ ಎಷ್ಟು? 7.4 ಆಂಪಿಯರ್. "ಮನೆಯ ಸಾವಿರ ವಾಟ್ ಒಲೆಯಲ್ಲಿ ಎಷ್ಟು ಹರಿಯುತ್ತೆ?" ಎಂದು ಕೇಳಿದೆ. 230 ವೋಲ್ಟಿನಿಂದ ಭಾಗಿಸಿ "4.3" ಎಂದು ಬರೆದವನು ಹಾಗೇ ನಿಂತುಬಿಟ್ಟ. ಒಂದು ಕುಟುಂಬಕ್ಕೆ ಅನ್ನ ಬೇಯಿಸುವ ಒಲೆಗಿಂತ ಹೆಚ್ಚು ಪ್ರವಾಹವನ್ನು ಜೇಬಿನಲ್ಲಿರುವ ಬೆರಳುದ್ದದ ಬ್ಯಾಟರಿಯಿಂದ ಎಳೆಯುವುದೆಂದರೆ ಏನು? ತಾಳಲಾರದ ಲಿಥಿಯಂ ಬ್ಯಾಟರಿ ತಾನೇ ಕಾದು ಬೆಂಕಿ ಹತ್ತಿಕೊಂಡ ಪ್ರಸಂಗಗಳು ಹಲವು ದೇಶಗಳಲ್ಲಿ ನಡೆದಿವೆ.

ಇನ್ನು ರುಚಿಯ ಮಾತು. ಮುಳಬಾಗಿಲಿನ ದೋಸೆ ಹೋಟೆಲಿನಲ್ಲಿ ಕಾವಲಿಯ ಮುಂದೆ ನಿಂತು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ದೊಡ್ಡ ಕಾವಲಿಗೆ ಸಣ್ಣ ಉರಿ ಕೊಟ್ಟರೆ ದೋಸೆ ಬಿಳಿಚಿಕೊಳ್ಳುತ್ತದೆ. ಚಿಕ್ಕ ಕಾವಲಿಗೆ ದೊಡ್ಡ ಉರಿ ಕೊಟ್ಟರೆ ಸೀದುಹೋಗುತ್ತದೆ. ಕಾಯಿಲ್ ಸಹ ಹಾಗೆಯೇ. ಎಷ್ಟು ವಾಟ್ ಎನ್ನುವುದರ ಜೊತೆಗೆ ಅದು ಎಷ್ಟು ಮೈಯ ಮೇಲೆ ಹರಡಿದೆ ಎನ್ನುವುದೂ ಮುಖ್ಯ. ದಪ್ಪ ತಂತಿಯ ಭಾರಿ ಕಾಯಿಲ್ ಮಾಲೂರಿನ ಇಟ್ಟಿಗೆ ಗೂಡಿನ ಹಾಗೆ. ಕಾಯುವುದೂ ನಿಧಾನ, ಆರುವುದೂ ನಿಧಾನ. ಚಿಕ್ಕ ಕಾಯಿಲ್ ಬೇಗ ಕಾದು, ವಾಸನೆಯನ್ನು ಒತ್ತೊತ್ತಾಗಿ ಬಿಡುತ್ತದೆ. ಹುಡುಗರು "ರುಚಿ" ಎನ್ನುವುದು ಇದನ್ನೇ.

ಆದರೆ ಆವಿಯ ಜೊತೆ ಬರುವುದು ವಾಸನೆ ಒಂದೇ ಅಲ್ಲ. ದ್ರಾವಣದ ಮೂಲ ಗ್ಲಿಸರಿನ್ ಮತ್ತು ಪ್ರೊಪಿಲೀನ್ ಗ್ಲೈಕಾಲ್. ಇವು ಅತಿಯಾಗಿ ಕಾದಾಗ ಒಡೆದು ಫಾರ್ಮಾಲ್ಡಿಹೈಡ್, ಅಕ್ರೋಲಿನ್ ಎಂಬ ವಿಷಗಳಾಗುತ್ತವೆ. ಒಗ್ಗರಣೆಯ ಎಣ್ಣೆ ಹೊತ್ತಿ ಕಣ್ಣು, ಗಂಟಲು ಉರಿಯುತ್ತದಲ್ಲ, ಆ ಹೊಗೆಯಲ್ಲಿರುವುದೂ ಅಕ್ರೋಲಿನ್ನೇ. ಅಡುಗೆಮನೆಯಲ್ಲಿ ಅಮ್ಮ ಕಿಟಕಿ ತೆರೆಯುತ್ತಾಳೆ. ಇಲ್ಲಿ ಹುಡುಗ ಅದನ್ನೇ ಎದೆಯೊಳಕ್ಕೆ ಎಳೆದುಕೊಳ್ಳುತ್ತಾನೆ. ಕಾಯಿಲ್‌ನೊಳಗಿನ ಹತ್ತಿ ಬತ್ತಿ ಒಣಗಿದರಂತೂ ಎಣ್ಣೆ ಮುಗಿದ ದೀಪದ ಬತ್ತಿಯಂತೆ ಕರಕಲಾಗುತ್ತದೆ. 2018ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 56 ಬಳಕೆದಾರರ ಉಪಕರಣಗಳನ್ನು ಪರೀಕ್ಷಿಸಿದಾಗ ಸೀಸ, ನಿಕ್ಕಲ್, ಕ್ರೋಮಿಯಂನಂಥ ಲೋಹಗಳು ಹಲವು ಉಪಕರಣಗಳ ಆವಿಯಲ್ಲಿ ಕಂಡವು. ಕಾಯಿಲ್‌ಗೆ ತಾಗುವ ಮೊದಲಿನ ದ್ರಾವಣಕ್ಕಿಂತ ಕಾದ ಮೇಲಿನ ಆವಿಯಲ್ಲೇ ಅವು ಹೆಚ್ಚು.

"ಹಾಗಾದ್ರೆ ದೊಡ್ಡ ಕಾಯಿಲ್ ತಣ್ಣಗಿರ್ತದಲ್ಲ ಸಾರ್, ಅದು ಒಳ್ಳೇದಾ?" ಎಂದು ಮತ್ತೊಬ್ಬ ಕೇಳಿದ. ಜಾಣ ಪ್ರಶ್ನೆ. ದೊಡ್ಡ ಕಾಯಿಲ್ ಕಾಯಬೇಕಾದರೆ ಹೆಚ್ಚು ವಾಟ್ ಬೇಕು. ಹೆಚ್ಚು ವಾಟ್ ಕೊಟ್ಟರೆ ಪ್ರತಿ ಗುಟುಕಿಗೂ ಹೆಚ್ಚು ದ್ರಾವಣ ಆವಿಯಾಗುತ್ತದೆ. ಅದೇ ದ್ರಾವಣವಾದರೆ ಹೆಚ್ಚು ನಿಕೋಟಿನ್ ಒಳಗೆ ಹೋಗುತ್ತದೆ. ಚಿಕ್ಕದರಲ್ಲಿ ಸೀಯುವ ಭಯ, ದೊಡ್ಡದರಲ್ಲಿ ತುಂಬಿಕೊಳ್ಳುವ ಭಯ. ಕಾಯಿಲ್‌ನ ಯಾವ ಅಳತೆಯೂ ಶ್ವಾಸಕೋಶಕ್ಕೆ ಸರಿಹೊಂದುವುದಿಲ್ಲ.

ತಿನ್ನಲು ಯೋಗ್ಯವಾದದ್ದು ಉಸಿರಾಡಲೂ ಯೋಗ್ಯ ಎಂದು ತಿಳಿಯುವುದು ತಪ್ಪು. 2019ರಲ್ಲಿ ಅಮೆರಿಕದಲ್ಲಿ ವೇಪ್ ಸೇದಿದವರಿಗೆ ಶ್ವಾಸಕೋಶದ ತೀವ್ರ ಕಾಯಿಲೆ ಹರಡಿ, 2020ರ ಫೆಬ್ರವರಿ ಹೊತ್ತಿಗೆ 2807 ಜನ ಆಸ್ಪತ್ರೆ ಸೇರಿದ್ದರು ಅಥವಾ ಸತ್ತಿದ್ದರು. ಸಾವುಗಳೇ 68. ಗಾಂಜಾ ಸತ್ವದ ದ್ರಾವಣಗಳಿಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಇದರ ಮುಖ್ಯ ಕಾರಣವೆಂದು ತಿಳಿಯಿತು. ಮಾತ್ರೆಯಾಗಿ ನುಂಗಿದರೆ ಹೊಟ್ಟೆ ತಾಳಿಕೊಳ್ಳುವ ವಸ್ತುವನ್ನು ಶ್ವಾಸಕೋಶ ತಾಳಲಿಲ್ಲ.

ಕರ್ನಾಟಕ ಸರ್ಕಾರ 2016ರಲ್ಲೇ ಇ-ಸಿಗರೇಟ್ ಮಾರಾಟವನ್ನು ನಿಷೇಧಿಸಿತು. 2019ರಲ್ಲಿ ಕೇಂದ್ರದ ಕಾಯ್ದೆಯೂ ಬಂತು. ತಯಾರಿಕೆ, ಆಮದು, ಮಾರಾಟ, ಸಾಗಣೆ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೂ ಅದು ಹಳ್ಳಿಯ ಹುಡುಗನ ಶಾಲೆಯ ಚೀಲದೊಳಕ್ಕೆ ಬಂದಿತ್ತಲ್ಲ! ಕಾಯ್ದೆ ಊರ ಬೇಲಿಯಾದರೆ, ಮನೆಯ ಬೇಲಿಯನ್ನು ನಾವೇ ಕಟ್ಟಿಕೊಳ್ಳಬೇಕು.

ಆ ರೈತರು ಮಗನಿಗೆ ಹೊಡೆಯಲಿಲ್ಲ. "ಸಾರ್ ಏನು ಹೇಳ್ತಾರೋ ಹಾಗೆ" ಎಂದರು. ನಾನು ಹೇಳಿದ್ದು ಇಷ್ಟೇ: ಯಾರು ಕೊಟ್ಟರು ಎಂದು ಆಮೇಲೆ ಕೇಳಿ, ಯಾವಾಗ ಸೇದಬೇಕೆನಿಸುತ್ತದೆ ಎಂದು ಮೊದಲು ಕೇಳಿ. ಎಳೆಯ ಮಿದುಳು ಇಪ್ಪತ್ತೈದರ ತನಕ ಬೆಳೆಯುತ್ತಲೇ ಇರುತ್ತದೆ, ನಿಕೋಟಿನ್ ಅದನ್ನು ಬೇಗ ಹಿಡಿಯುತ್ತದೆ. ಹುಡುಗ ಕೆಲವು ವಾರ ಮನೆಯಲ್ಲಿ ಸಿಡುಕಿದ, ಪಾಠದಲ್ಲಿ ಮನಸ್ಸು ನಿಲ್ಲಲಿಲ್ಲ, ಒಂದು ಸಲ ಮತ್ತೆ ಸಿಕ್ಕಿಬಿದ್ದ. ಅಪ್ಪ ಆಗಲೂ ಕೈ ಎತ್ತಲಿಲ್ಲ. ಸಂಜೆ ಹೊತ್ತು ತೋಟಕ್ಕೆ ಜೊತೆಗೆ ಕರೆದುಕೊಂಡು ಹೋಗತೊಡಗಿದರು. ಬಿಡುವುದಕ್ಕೆ ಆ ಹುಡುಗನಿಗೆ ಹೆಚ್ಚುಕಡಿಮೆ ಒಂದು ವರ್ಷವೇ ಹಿಡಿಯಿತು.

ತಂದೆತಾಯಿಗಳು ಗಮನಿಸಬೇಕಾದದ್ದು ಇಷ್ಟು. ಹಣ್ಣಿಲ್ಲದ ಕಡೆ ಹಣ್ಣಿನ ವಾಸನೆ, ಮಗ ಬಳಸುವುದನ್ನು ನೀವು ಕಾಣದ ಪೆನ್ ಡ್ರೈವ್, ಕಾರಣವಿಲ್ಲದ ಒಣಕೆಮ್ಮು, ಸಿಡುಕು. ಕಂಡರೆ ಕೂಗಾಡಬೇಡಿ, ಪಕ್ಕದಲ್ಲಿ ಕೂತು ಮಾತನಾಡಿ. ಬಿಡಲು ನೆರವು ಬೇಕಾದರೆ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 1800-11-2356 ಇದೆ. ವಿದ್ಯಾರ್ಥಿಗಳಿಗೆ ಒಂದು ಮಾತು: ಕಾಯಿಲ್ ಬಗ್ಗೆ ಕುತೂಹಲವಿದ್ದರೆ ನಿಮ್ಮ ವಿಜ್ಞಾನದ ಮೇಷ್ಟ್ರನ್ನು ಕೇಳಿ. ಯಾವ ಪ್ರಶ್ನೆಯೂ ಕೆಟ್ಟದ್ದಲ್ಲ. ಪ್ರಯೋಗ ಮಾತ್ರ ಪ್ರಯೋಗಶಾಲೆಯ ಮೇಜಿನ ಮೇಲೆ ನಡೆಯಲಿ, ನಿಮ್ಮ ಎದೆಗೂಡಿನಲ್ಲಿ ಬೇಡ.