ಪರದೆಯ ಕೊನೆಯ ಸಾಲು

ಶಟ್‌ಡೌನ್ ಒತ್ತಿದ ಕೂಡಲೇ ಲಿನಕ್ಸ್ ಕಂಪ್ಯೂಟರ್ ಆಫ್ ಆಗಿಬಿಡುವುದಿಲ್ಲ. ಒಲೆಯ ಕೆಂಡ ಮುಚ್ಚಿ, ಹಿತ್ತಲ ಬಾಗಿಲಿಗೆ ಅಗುಳಿ ಹಾಕಿ, ಕಡೆಗೆ ಪಡಸಾಲೆಯ ದೀಪ ಆರಿಸುವ ಮನೆಯಂತೆ ಅದಕ್ಕೂ ಒಂದು ಕ್ರಮವಿದೆ. ಸರ್ವಿಸ್‌ಗಳು ಶುರುವಾದ ಕ್ರಮಕ್ಕೆ ತಿರುವುಮುರುವಾಗಿ ನಿಲ್ಲುತ್ತವೆ, ಡಿಸ್ಕ್‌ಗಳು ಅನ್‌ಮೌಂಟ್ ಆಗುತ್ತವೆ, ಕೊನೆಗೆ ಕರ್ನಲ್ಲು ವಿದ್ಯುತ್ ಕಡಿಯುವಂತೆ ಫರ್ಮ್‌ವೇರ್‌ಗೆ ಹೇಳುತ್ತದೆ. ಇಂದಿನ ಬಹುಪಾಲು ಡಿಸ್ಟ್ರೊಗಳಲ್ಲಿ ಈ ಮೇಸ್ತ್ರಿಕೆ ಸಿಸ್ಟಮ್‌ಡಿಯದು. 2010ರಲ್ಲಿ ಲೆನಾರ್ಟ್ ಪೋಟರಿಂಗ್ ಮತ್ತು ಕೇ ಸೀವರ್ಸ್ ಹೊರತಂದದ್ದು. ಶಟ್‌ಡೌನ್ ವೇಳೆ ಯಂತ್ರ ಹ್ಯಾಂಗ್ ಆಗುವುದು ಈ ಸಾಲಿನ ಯಾವುದೋ ಒಂದು ಮೆಟ್ಟಿಲಲ್ಲಿ. ಆ ಮೆಟ್ಟಿಲು ಯಾವುದೆಂದು ಹುಡುಕುವುದರಲ್ಲಿ ಈ ಕೆಲಸದ ರುಚಿಯೆಲ್ಲ ಇದೆ.

ಪವರ್ ಬಟನ್ ಅದುಮಿ ಹಿಡಿದವರಿಗೆ ಆ ರುಚಿ ಸಿಗುವುದಿಲ್ಲ, ಗುರುತೂ ಅಳಿಸಿಹೋಗುತ್ತದೆ. ಮೊದಲು ಎಸ್ಕೇಪ್ ಒತ್ತಿ ಲೋಗೋದ ಪರದೆಯನ್ನು ಸರಿಸಬೇಕು. ಅದು ಸರಿಯದಿದ್ದರೆ ಮುಂದಿನ ಬೂಟ್‌ನಲ್ಲಿ ಗ್ರಬ್ ಮೆನುವಿನಲ್ಲಿ ‘ಇ’ ಒತ್ತಿ, ಕರ್ನಲ್ ಸಾಲಿನಿಂದ ‘ಕ್ವಯಟ್’, ‘ಸ್ಪ್ಲಾಶ್’ ಎಂಬ ಎರಡು ಪದಗಳನ್ನು ತೆಗೆಯಬೇಕು. ಆಗ ಮುಚ್ಚುವ ಕೆಲಸವೆಲ್ಲ ಸಾಲುಸಾಲಾಗಿ ಕಣ್ಣಮುಂದೆ ನಡೆಯುತ್ತದೆ. ನಿಂತುಹೋದ ಪರದೆಯ ಕೊನೆಯ ಸಾಲನ್ನು ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟುಕೊಳ್ಳುವುದು ಒಳ್ಳೆಯ ರೂಢಿ.

ಅಲ್ಲಿ ಹೆಚ್ಚಾಗಿ ಕಾಣುವುದು ‘ಎ ಸ್ಟಾಪ್ ಜಾಬ್ ಈಸ್ ರನ್ನಿಂಗ್’ ಎಂಬ ಸಾಲು, ಪಕ್ಕದಲ್ಲಿ ಏರುವ ಸೆಕೆಂಡುಗಳು. ಇದು ನಿಜವಾಗಿ ಹ್ಯಾಂಗ್ ಅಲ್ಲ, ಕಾಯುವಿಕೆ. ಸಿಸ್ಟಮ್‌ಡಿ ಮೊದಲು ಸರ್ವಿಸ್‌ಗೆ ‘ಸಿಗ್‌ಟರ್ಮ್’ ಸಂಕೇತ ಕಳಿಸಿ, ಕೈಲಿದ್ದದ್ದು ಮುಗಿಸಿ ಹೊರಡು ಎನ್ನುತ್ತದೆ, ಮೂಲ ಹೊಂದಿಕೆಯಂತೆ 90 ಸೆಕೆಂಡು ಕಾಯುತ್ತದೆ, ಆಮೇಲೆ ‘ಸಿಗ್‌ಕಿಲ್’ ಕಳಿಸಿ ಬಲವಂತವಾಗಿ ನಿಲ್ಲಿಸುತ್ತದೆ. ಈ ಅವಧಿಯನ್ನೇ 10 ಸೆಕೆಂಡಿಗೆ ಇಳಿಸಿ ಕೈತೊಳೆದುಕೊಳ್ಳುವವರಿದ್ದಾರೆ. ಅದು ಗಾಯ ನೋಡದೆ ಪಟ್ಟಿ ಕಟ್ಟಿದಂತೆ. ಡೇಟಾಬೇಸ್ ಇರುವ ಯಂತ್ರದಲ್ಲಂತೂ ಬರೆಯಬೇಕಾದ್ದನ್ನು ಬರೆದು ಮುಗಿಸಲು ಆ ಹೊತ್ತು ಬೇಕೇ ಬೇಕು. ತಡ ಮಾಡುತ್ತಿರುವ ಸರ್ವಿಸ್‌ನ ಹೆಸರು ಅದೇ ಸಾಲಿನಲ್ಲಿರುತ್ತದೆ. ಮದ್ದು ಅದಕ್ಕೆ ಬೀಳಬೇಕು.

ಹೆಸರು ಕಣ್ತಪ್ಪಿದರೆ ಜರ್ನಲ್ ಇದೆ. ‘ಜರ್ನಲ್‌ಸಿಟಿಎಲ್’ಗೆ ‘ಬಿ’ ಆಯ್ಕೆಯ ಜೊತೆ ಮೈನಸ್ ಒಂದು ಕೊಟ್ಟರೆ ಹಿಂದಿನ ಬೂಟ್‌ನ ದಾಖಲೆ ಬರುತ್ತದೆ. ಓದುವುದನ್ನು ಬುಡದಿಂದ ಶುರುಮಾಡಬೇಕು. ‘ಟೈಮ್ಡ್ ಔಟ್’ ಎಂಬ ಮಾತಿನ ಅಕ್ಕಪಕ್ಕದಲ್ಲೇ ಕಾರಣ ಅಡಗಿರುವುದು ಹೆಚ್ಚು. ಹಳೆಯ ದಾಖಲೆ ಉಳಿಯಲು ‘ವಾರ್’ ಫೋಲ್ಡರ್‌ನ ‘ಲಾಗ್’ ಒಳಗೆ ‘ಜರ್ನಲ್’ ಎಂಬ ಫೋಲ್ಡರ್ ಇರಬೇಕು. ಇಲ್ಲದಿದ್ದರೆ ಮೂಲ ಹೊಂದಿಕೆಯಲ್ಲಿ ಅದು ಮೆಮೊರಿಯಲ್ಲಷ್ಟೇ ಇದ್ದು ರೀಬೂಟ್‌ಗೆ ಅಳಿಯುತ್ತದೆ. ಜರ್ನಲ್ಲಿನ ಸರ್ವಿಸ್ ಕೂಡ ಒಂದು ಹಂತದಲ್ಲಿ ನಿಲ್ಲುವುದರಿಂದ, ಅದರಾಚೆಗಿನದಕ್ಕೆ ಪರದೆಯೇ ಸಾಕ್ಷಿ.

‘ಸಿಗ್‌ಕಿಲ್’ಗೂ ಜಗ್ಗದ ಪ್ರೋಸೆಸ್‌ಗಳುಂಟು. ಕರ್ನಲ್ಲಿನೊಳಗೆ ಡಿಸ್ಕ್‌ನ ಅಥವಾ ನೆಟ್‌ವರ್ಕ್‌ನ ಉತ್ತರಕ್ಕೆ ಕಾದು ಕುಳಿತಿರುವ ಇವುಗಳ ಸ್ಥಿತಿಗೆ ‘ಡಿ’ ಎಂಬ ಅಕ್ಷರದ ಗುರುತು. ನೆಟ್‌ವರ್ಕ್ ಮೂಲಕ ಜೋಡಿಸಿದ ಎನ್‌ಎಫ್‌ಎಸ್ ಮೌಂಟ್ ಇನ್ನೂ ಉಳಿದಿರುವಾಗಲೇ ವೈ-ಫೈ ಕಡಿದುಹೋದರೆ ಇದೇ ಪಾಡು. ಇಲ್ಲಿ ಸರಿಪಡಿಸಬೇಕಾದದ್ದು ಪ್ರೋಸೆಸ್ಸನ್ನಲ್ಲ, ಮುಚ್ಚುವ ಕ್ರಮವನ್ನು.

‘ಪವರ್ ಡೌನ್’ ಎಂಬ ಸಾಲು ಬಂದೂ ಫ್ಯಾನ್ ತಿರುಗುತ್ತಿದ್ದರೆ ಸರ್ವಿಸ್‌ಗಳು ನಿರಪರಾಧಿಗಳು. ಆಗ ಅನುಮಾನ ಹೋಗಬೇಕಾದದ್ದು ಡ್ರೈವರ್ ಅಥವಾ ವಿದ್ಯುತ್ ನಿರ್ವಹಣೆಯ ಎಸಿಪಿಐ ಕಡೆಗೆ. ಯುಎಸ್‌ಬಿ ಸಾಧನಗಳನ್ನು ಕಳಚಿ ನೋಡುವುದು, ಗ್ರಬ್‌ನಲ್ಲಿ ಹಳೆಯ ಕರ್ನಲ್ ಆರಿಸಿಕೊಳ್ಳುವುದು, ಬಯಾಸ್ ಅಪ್‌ಡೇಟ್ ಮಾಡುವುದು: ಒಮ್ಮೆಗೆ ಒಂದನ್ನೇ.

ದಾರಿ ಕಾಣದಾಗ ಆಲ್ಟ್ ಮತ್ತು ಸಿಸ್‌ಆರ್‌ಕ್ಯೂ ಒತ್ತಿಹಿಡಿದು ಎಸ್, ಯು, ಓ ಕೀಲಿಗಳನ್ನು ಒಂದಾದ ಮೇಲೊಂದು ಒತ್ತಬಹುದು. ಕ್ರಮವಾಗಿ ಡೇಟಾ ಡಿಸ್ಕ್‌ಗೆ ಇಳಿಯುತ್ತದೆ, ಡಿಸ್ಕ್ ಓದಲಷ್ಟೇ ತೆರೆದಿರುತ್ತದೆ, ವಿದ್ಯುತ್ ಕಡಿಯುತ್ತದೆ. ಉಬುಂಟುವಿನಲ್ಲಿ ಸಿಸ್‌ಆರ್‌ಕ್ಯೂ ಹೊಂದಿಕೆಯ ಮೂಲ ಮೌಲ್ಯವಾದ 176 ಇವಕ್ಕೆ ಅನುಮತಿ ಕೊಡುತ್ತದೆ.

ಹಟ ಹಿಡಿದ ದೋಷಕ್ಕೆ ಸಿಸ್ಟಮ್‌ಡಿಯ ಡೀಬಗ್ ಶೆಲ್ ಅತ್ಯುತ್ತಮ ಉಪಾಯ. ಅದನ್ನು ಮೊದಲೇ ಎನೇಬಲ್ ಮಾಡಿಟ್ಟರೆ ಶಟ್‌ಡೌನ್ ಸಿಕ್ಕಿಕೊಂಡ ಗಳಿಗೆಯಲ್ಲೂ ಕಂಟ್ರೋಲ್, ಆಲ್ಟ್, ಎಫ್9 ಒತ್ತಿ ಒಳಹೊಕ್ಕು, ‘ಲಿಸ್ಟ್-ಜಾಬ್ಸ್’ ಆಜ್ಞೆಯಿಂದ ಯಾವ ಕೆಲಸ ನಡೆಯುತ್ತಿದೆ, ಯಾವುದು ಕಾಯುತ್ತಿದೆಯೆಂದು ನೋಡಬಹುದು. ದೋಷ ಸಿಕ್ಕಿದ ದಿನವೇ ಅದನ್ನು ಡಿಸೇಬಲ್ ಮಾಡಲು ಮರೆಯಬಾರದು: ಪಾಸ್‌ವರ್ಡ್ ಕೇಳದೆ ಯಾರಿಗಾದರೂ ರೂಟ್ ಅಧಿಕಾರ ಕೊಡುವ ಬಾಗಿಲು ಅದು.