ನನ್ನಿವಾಳದ ದೇವರೆತ್ತುಗಳು

ಚಳ್ಳಕೆರೆಯ ಸೀಮೆಯನ್ನು ಬೇಸಗೆಯಲ್ಲಿ ರೈಲಿನ ಕಿಟಕಿಯಿಂದ ಕಂಡವನು ಅದನ್ನು ಬೆಂಗಾಡೆಂದು ಕರೆದರೆ ಅವನ ಮೇಲೆ ತಪ್ಪು ಹೊರಿಸುವ ಹಾಗಿಲ್ಲ. ಕಂದುಬಣ್ಣದ ನೆಲ, ಒಣಗಿದ ಹುಲ್ಲು, ಅಲ್ಲೊಂದು ಜಾಲಿ, ಇಲ್ಲೊಂದು ತುಗ್ಗಲಿ, ದೂರದಲ್ಲಿ ಬೋಳುಗುಡ್ಡಗಳ ಸಾಲು. ಕಣ್ಣಿಗೆ ಬೀಳುವುದು ಇಷ್ಟೇ. ಆದರೆ ಎರಡು ಹದವಾದ ಮಳೆ ಬಿದ್ದ ಹದಿನೈದು ದಿನಗಳ ಮೇಲೆ ಅವನೇ ಅಲ್ಲಿಗೆ ಮರಳಿ ಬಂದನಾದರೆ, ತಾನು ಇಳಿದ ಊರು ಬೇರೆಯದಾಯಿತೇನೋ ಎಂದು ಸಂಶಯಪಡುವನು. ಸತ್ತಂತೆ ಬಿದ್ದಿದ್ದ ಹಂಚಿಹುಲ್ಲಿನ ಬುಡಗಳೆಲ್ಲ ಚಿಗುರಿ, ನೆಲವು ಹಸುರು ಕಂಬಳಿ ಹೊದೆದಂತೆ ಕಾಣುವುದು. ವರ್ಷಕ್ಕೆ 500 ಮಿಲಿಮೀಟರು ಮಳೆಯೂ ನೆಚ್ಚಿಕೆಯಿಲ್ಲದ ಆ ನಾಡಿನಲ್ಲಿ ಬಾಳುವ ಗುಟ್ಟನ್ನು ಹುಲ್ಲು ಬಲ್ಲದು. ಅದರ ಜೀವವೆಲ್ಲ ನೆಲದೊಳಗೆ. ಮೇಲಿನದು ಒಣಗಿದರೂ ಬೇರು ಕಾದಿರುತ್ತದೆ.

ಕನ್ನಡವು ಇಂಥ ನೆಲಕ್ಕೆ ಇಟ್ಟ ಹೆಸರನ್ನು ಗಮನಿಸಬೇಕು. ಹುಲ್ಲುಗಾವಲು ಎಂದರೆ ಹುಲ್ಲಿನ ಕಾವಲು. ಹುಲ್ಲಿದ್ದರೆ ಸಾಲದು, ಅದನ್ನು ಕಾಯುವವನೂ ಇರಬೇಕೆಂಬ ಅರ್ಥವು ಆ ಪದದಲ್ಲಿಯೇ ಅಡಗಿದೆ. ಕಾಯುವವರು ಯಾರು, ಯಾತಕ್ಕಾಗಿ ಕಾಯುವರು ಎಂಬುದಕ್ಕೆ ಚಳ್ಳಕೆರೆ ತಾಲ್ಲೂಕಿನ ನನ್ನಿವಾಳದಂಥ ಊರಿನಲ್ಲಿ ಉತ್ತರ ದೊರೆಯುವುದು.

ನನ್ನಿವಾಳವು ಮ್ಯಾಸಬೇಡರ ಕಟ್ಟೆಮನೆಗಳಲ್ಲೊಂದು. ಕಟ್ಟೆಮನೆಯೆಂದರೆ ಕುಲದ ಹಿರಿಯರು ಕುಳಿತು ಕಟ್ಟುಪಾಡುಗಳನ್ನು ವಿಚಾರಿಸುವ ಸ್ಥಾನ. ಮ್ಯಾಸನಾಯಕರೆಂದೂ ಕರೆಯಲ್ಪಡುವ ಈ ಜನರು ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಹಟ್ಟಿಗಳಲ್ಲಿ ಹರಡಿಕೊಂಡಿರುವರು. ಮ್ಯಾಸ ಎಂಬುದು ಮೇಯು ಎಂಬ ಧಾತುವಿಗೆ ಸೇರಿದ್ದೆಂದು ಕೆಲವರು ಹೇಳುವುದುಂಟು. ಆ ನಿರುಕ್ತಿಯು ಸರಿಯಿರಲಿ ತಪ್ಪಿರಲಿ, ಇವರ ಬಾಳಿಗಂತೂ ಚೆನ್ನಾಗಿ ಒಪ್ಪುತ್ತದೆ. ಮನೆಯ ಮಾತಿನಲ್ಲಿ ತೆಲುಗು ಬೆರೆತಿದೆ. ಹೆಂಡವೂ ಕೋಳಿಯೂ ಕಟ್ಟುನಿಟ್ಟಾಗಿ ನಡೆಯುವ ಮನೆತನಗಳಲ್ಲಿ ನಿಷಿದ್ಧ. ಹಾಗೆಂದು ಇವರನ್ನು ಅಹಿಂಸಾವ್ರತಿಗಳೆಂದು ಚಿತ್ರಿಸಿದರೆ ಅದು ಸುಳ್ಳಾದೀತು. ಹೆಸರೇ ಬೇಡರು, ಬೇಟೆಯು ಇವರ ಹಿರಿಯರ ವೃತ್ತಿ. ಬೇಟೆಯ ಕುಲವೊಂದು ದನವನ್ನು ದೇವರ ಪಾಲಿಗೆ ಬಿಟ್ಟು, ಆ ದನಕ್ಕಾಗಿ ಹುಲ್ಲನ್ನು ಉಳಿಸಿತೆಂಬುದೇ ಇಲ್ಲಿಯ ವಿಶೇಷ.

ದೇವರೆತ್ತೆಂಬ ಪದ್ಧತಿಯು ಹೀಗಿದೆ. ಒಂದೊಂದು ಗುಡಿಕಟ್ಟಿಗೂ ತನ್ನದೇ ಆದ ಒಂದು ದೇವರು. ಆ ದೇವರಿಗೆ ತನ್ನದೇ ಆದ ಒಂದು ಮಂದೆ. ಹರಕೆ ಹೊತ್ತವರು ಕರುವನ್ನು ತಂದು ಮಂದೆಗೆ ಬಿಡುವರು. ಹೀಗೆ ಬಿಟ್ಟ ದನದ ಕೊರಳಿಗೆ ಮತ್ತೆ ನೊಗ ಬೀಳಲಾಗದು, ಅದನ್ನು ಸಂತೆಗೆ ಹೊಡೆಯಲಾಗದು, ಹಾಲನ್ನು ಮಾರಲಾಗದು. ಮುದಿಯಾದರೂ ಕುಂಟಾದರೂ ಮಂದೆಯಲ್ಲಿಯೇ ಇರತಕ್ಕದ್ದು. ಸತ್ತರೆ ಮನೆಯ ಹಿರಿಯನಿಗೆ ಮಾಡುವಂತೆ ಮರ್ಯಾದೆಯಿಂದ ಮಣ್ಣು ಮಾಡುವರು. ಇದೇ ಸೀಮೆಯ ಕಾಡುಗೊಲ್ಲರಲ್ಲಿಯೂ ದೇವರ ದನಗಳನ್ನು ಸಾಕುವ ಸಂಪ್ರದಾಯವುಂಟು.

ಮಂದೆಯನ್ನು ನೋಡಿಕೊಳ್ಳುವವನು ಕಿಲಾರಿ. ಇವನು ಕೂಲಿಯ ಆಳಲ್ಲ. ಹಟ್ಟಿಯವರು ಕಾಳುಕಡ್ಡಿ ಕೊಟ್ಟು ಇವನ ಹೊಟ್ಟೆ ನೋಡಿಕೊಳ್ಳುವರು. ಇವನು ಮಂದೆಯ ಹೊಟ್ಟೆ ನೋಡಿಕೊಳ್ಳುವನು. ಕಾಲಿಗೆ ಕೆರವಿಲ್ಲ, ಹೆಗಲ ಮೇಲೊಂದು ಕಂಬಳಿ, ಕೈಯಲ್ಲೊಂದು ಕೋಲು. ದನ ಎದ್ದಾಗ ಏಳುವುದು, ದನ ಮಲಗಿದ ರೊಪ್ಪದ ಬಾಯಿಯಲ್ಲಿಯೇ ಮಲಗುವುದು. ಪಟ್ಟಣದಿಂದ ಬಂದವರು ಯಾರಾದರೂ, “ಅಜ್ಜ, ಉಳುವುದಿಲ್ಲ, ಕರೆಯುವುದಿಲ್ಲ, ಇವುಗಳಿಂದ ಲಾಭವೇನು?” ಎಂದು ಕೇಳಿದರೆ, “ದೇವ್ರ ದನ ಸ್ವಾಮಿ, ಲಾಭ ಕೇಳಬಾರ್ದು” ಎಂದಷ್ಟೇ ಹೇಳಿ ಮುಂದಕ್ಕೆ ನಡೆದಾನು. ಅರ್ಥಶಾಸ್ತ್ರದ ಪಂಡಿತರಿಗೆ ಈ ಉತ್ತರವು ರುಚಿಸದಿರಬಹುದು.

ವೇದವನ್ನು ಓದಿದವರಿಗಾದರೋ ಇದು ಹೊಸತಾಗಿ ತೋರಬೇಕಾದುದಿಲ್ಲ. ಛಾಂದೋಗ್ಯದ ಸತ್ಯಕಾಮನಿಗೆ ಗುರುವು ಮೊದಲು ಕೊಟ್ಟದ್ದು ಮಂತ್ರವಲ್ಲ. ಬಡಕಲಾದ ನಾನೂರು ಹಸುಗಳನ್ನು. ಅವು ಸಾವಿರವಾಗುವ ತನಕ ಮರಳುವುದಿಲ್ಲವೆಂದು ಅವನು ಕಾಡಿಗೆ ಹೋದನು; ಬ್ರಹ್ಮದ ಮೊದಲನೆಯ ಪಾದವನ್ನು ಅವನಿಗೆ ತಿಳಿಸಿದುದು ಮಂದೆಯ ಗೂಳಿ. ಆ ಕಥೆಯನ್ನು ಪಾಠಶಾಲೆಗಳಲ್ಲಿ ಭಾಷ್ಯಸಹಿತವಾಗಿ ಓದುವರು. ಆದರೆ ನಾನೂರು ಹಸುಗಳು ಸಾವಿರವಾಗಬೇಕಾದರೆ ಎಷ್ಟು ಹುಲ್ಲು ಬೇಕು, ಅದು ಎಲ್ಲಿತ್ತು, ಯಾರು ಉಳಿಸಿದ್ದರು ಎಂದು ಕೇಳಿದ ವಿದ್ಯಾರ್ಥಿಗಳು ವಿರಳ. ಹನ್ನೊಂದನೆಯ ದಿನದ ವೃಷೋತ್ಸರ್ಗವೂ ಹೀಗೆಯೇ. ಸತ್ತವನ ಹೆಸರಿನಲ್ಲಿ ಗೂಳಿಯೊಂದನ್ನು ನಿಜವಾಗಿ ಬಿಡಬೇಕೆಂಬುದು ವಿಧಿ. ಓದಿದವರ ಮನೆಗಳಲ್ಲಿ ಅದು ಬಹುಮಟ್ಟಿಗೆ ಸಂಕಲ್ಪದಲ್ಲಿಯೂ ದಕ್ಷಿಣೆಯಲ್ಲಿಯೂ ಮುಗಿದುಹೋಗುತ್ತದೆ. ಗೂಳಿಯನ್ನು ಬಿಡುವುದಕ್ಕೆ ಬಯಲೇ ಇಲ್ಲವಲ್ಲ! ನನ್ನಿವಾಳದ ಸೀಮೆಯಲ್ಲಿ ಶಾಸ್ತ್ರವನ್ನು ಓದದವರು ಅದನ್ನು ದಿನನಿತ್ಯವೂ ನಡೆಸುತ್ತಿರುವರು.

ಮಂದೆಯಿದ್ದುದರಿಂದ ಕಾವಲಿಗೆ ನೇಗಿಲು ಬೀಳಲಿಲ್ಲ. ನೇಗಿಲು ಬೀಳದುದರಿಂದ ಬಹುವಾರ್ಷಿಕ ಹುಲ್ಲುಗಳ ಬೇರು ಕಿತ್ತುಹೋಗಲಿಲ್ಲ. ಬೇರು ಉಳಿದುದರಿಂದ ಮಣ್ಣು ಕೊಚ್ಚಿಹೋಗಲಿಲ್ಲ. ಆ ಹುಲ್ಲಿನ ನಡುವೆ ಕೃಷ್ಣಮೃಗವು ಬಾಳಿತು, ತೋಳವು ಬಾಳಿತು, ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳು ಬಾಳಿದವು. ಕೃಷ್ಣಮೃಗಕ್ಕೆ ದಟ್ಟವಾದ ಕಾಡು ಹಿಡಿಸದು. ದೂರದಿಂದಲೇ ಶತ್ರುವನ್ನು ಕಂಡು ಓಡುವುದಕ್ಕೆ ಅದಕ್ಕೆ ಬಯಲು ಬೇಕು. ಆದುದರಿಂದ ಇಂಥ ಕಡೆ ನೀಲಗಿರಿಯನ್ನು ಸಾಲಾಗಿ ನೆಟ್ಟು ಕಾಡು ಬೆಳೆಸಿದೆವೆಂದು ಹೇಳಿಕೊಳ್ಳುವುದು, ಮೀನಿನ ಮೇಲಿನ ಕರುಣೆಯಿಂದ ಕೆರೆಯನ್ನು ಬತ್ತಿಸಿದ ಹಾಗೆ. ಪಕ್ಕದ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆನೆಲದಲ್ಲಿ ದೊರೆವಾಯನ ಹಕ್ಕಿಗಳು ಬೆರಳೆಣಿಕೆಯಷ್ಟು ಉಳಿದಿವೆ. ಬಯಲು ಹೋದರೆ ಬಯಲಿನ ಹಕ್ಕಿಯ ಗತಿ ಏನಾಗುವುದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಈ ಕಾವಲುಗಳಿಗೆ ರಾಜಮುದ್ರೆಯೂ ಇತ್ತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯು ಟಿಪ್ಪುವಿನ ಕಾಲಕ್ಕೆ ಅಮೃತಮಹಲೆಂಬ ಹೆಸರನ್ನು ಪಡೆಯಿತು. ಹೈದರನ ಫಿರಂಗಿಗಳನ್ನು ಎಳೆದುವು ಈ ತಳಿಯ ಎತ್ತುಗಳೇ. ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು, ನೀರೂ ನೆರಳೂ ಇರುವ ಬೇಸಗೆಯ ಕಾವಲು ಇನ್ನೊಂದು ಎಂದು ವಿಂಗಡಿಸಿ, ಮಂದೆಗಳನ್ನು ಒಂದರಿಂದ ಒಂದಕ್ಕೆ ಹೊಡೆಯುತ್ತಿದ್ದರು. ಮೇಯಿಸಿದ ನೆಲಕ್ಕೆ ಮರಳಿ ಬೆಳೆಯುವ ಬಿಡುವು ಸಿಕ್ಕುತ್ತಿತ್ತು. ಇದು ಅರಮನೆಯಲ್ಲಿ ಹುಟ್ಟಿದ ಜಾಣತನವೋ, ಅಥವಾ ಕಿಲಾರಿಗಳಿಗೆ ಮೊದಲೇ ತಿಳಿದಿದ್ದುದನ್ನು ಅರಮನೆಯು ಬರೆದಿಟ್ಟುಕೊಂಡಿತೋ! ಎರಡನೆಯದೇ ಸಂಭಾವ್ಯವೆಂದು ತೋರುವುದು.

ರಾಜ್ಯ ಹೋಯಿತು, ಫಿರಂಗಿ ಎಳೆಯುವ ಎತ್ತಿನ ಕೆಲಸವೂ ಹೋಯಿತು, ಕಾವಲುಗಳು ವರ್ಷದಿಂದ ವರ್ಷಕ್ಕೆ ಕಿರಿದಾದುವು. ಅವುಗಳ ಪೈಕಿ ಚಳ್ಳಕೆರೆ ತಾಲ್ಲೂಕಿನಲ್ಲಿ ಉಳಿದಿದ್ದ ದೊಡ್ಡ ಬಯಲುಗಳಾದ ವರವು, ಕುದಾಪುರ, ಉಳ್ಳಾರ್ತಿ ಕಾವಲುಗಳಿಂದ, 2009ರ ಆಸುಪಾಸಿನಲ್ಲಿ ಸುಮಾರು ಹತ್ತುಸಾವಿರ ಎಕರೆಯಷ್ಟು ನೆಲವನ್ನು ವಿಜ್ಞಾನ, ರಕ್ಷಣೆ, ಅಣುಶಕ್ತಿ, ಅಂತರಿಕ್ಷಗಳಿಗೆ ಸಂಬಂಧಿಸಿದ ಸಂಸ್ಥೆಗಳಿಗೂ ಇತರ ಯೋಜನೆಗಳಿಗೂ ಹಂಚಲಾಯಿತು. ಸುತ್ತಲ ಹಳ್ಳಿಯವರಲ್ಲಿ ಬಹುಮಂದಿಗೆ ವಿಷಯ ತಿಳಿದುದು ಕಾವಲಿನ ಸುತ್ತ ಗೋಡೆ ಏಳತೊಡಗಿದ ಮೇಲೆ. ವ್ಯಾಜ್ಯವು ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋಯಿತು, 2014ರಲ್ಲಿ ತೀರ್ಪಾಯಿತು, ಯೋಜನೆಗಳು ನಿಲ್ಲಲಿಲ್ಲ. 2017ರಲ್ಲಿ ಅಲ್ಲಿ ವಿಮಾನಗಳನ್ನು ಪರೀಕ್ಷಿಸುವ ನೆಲೆಯೂ ಉದ್ಘಾಟನೆಯಾಯಿತು.

ದೇಶಕ್ಕೆ ವಿಜ್ಞಾನಶಾಲೆ ಬೇಡವೆಂದು ಹೇಳುವ ಮೂಢರು ಯಾರೂ ಇಲ್ಲ. ಹಟ್ಟಿಯವರೂ ಹಾಗೆ ಹೇಳಿದವರಲ್ಲ. ತೊಡಕಿರುವುದು ಒಂದು ಶಬ್ದದಲ್ಲಿ. ಉತ್ತಿಲ್ಲ, ಬಿತ್ತಿಲ್ಲ, ಮರವಿಲ್ಲ. ಆದುದರಿಂದ ಪಾಳು ಎಂದು ಲೆಕ್ಕದ ಪುಸ್ತಕವು ಹೇಳುತ್ತದೆ. ಕುರುಚಲು ಬಯಲನ್ನು ಪಾಳುಭೂಮಿಯ ಪಟ್ಟಿಗೆ ಸೇರಿಸುವ ವಾಡಿಕೆಯು ಇಂಗ್ಲಿಷರ ಕಂದಾಯ ಪದ್ಧತಿಯಿಂದ ಬಂದು ಇನ್ನೂ ತೊಲಗಿಲ್ಲ. ಸಂಸ್ಕೃತದಲ್ಲಿ ಗೋವುಗಳು ಅಡ್ಡಾಡುವ ನೆಲಕ್ಕೆ ಗೋಚರವೆಂದು ಹೆಸರು. ಕಣ್ಣಿಗೆ ಕಾಣುವುದಕ್ಕೂ ಅದೇ ಶಬ್ದ. ಲೆಕ್ಕ ಬರೆಯುವವರಿಗೆ ಮಾತ್ರ ಈ ಗೋಚರವು ಅಗೋಚರವಾಯಿತು. ಬೇರೆಲ್ಲರೂ ಉತ್ತು ಮುಗಿಸಿದ ಮೇಲೆ, ಉಳದೆ ಉಳಿಸಿದವರ ನೆಲವೇ ದೊಡ್ಡ ತುಂಡಾಗಿ ಕಾಣಿಸಿತು. ದೊಡ್ಡ ತುಂಡು ಬೇಕಾದವರಿಗೆ ಅದೇ ದೊರೆಯಿತು.

ಈಚೆಗೆ ಲೋಕದ ಮಾತು ಬೇರೆಯಾಗುತ್ತಿದೆ. 2002ರ ಜೀವವೈವಿಧ್ಯ ಕಾಯಿದೆಯು ಊರೂರಿನ ಪಂಚಾಯಿತಿಯೂ ಒಂದು ಸಮಿತಿಯನ್ನು ಮಾಡಿ ತನ್ನ ಗಿಡಮೂಲಿಕೆ, ತಳಿ, ತಿಳಿವಳಿಕೆಗಳ ದಾಖಲೆಯನ್ನು ಬರೆದಿಡಬೇಕೆಂದು ವಿಧಿಸಿತು. ಅದೇ ಕಾಯಿದೆಯ ಬಲದಿಂದ 2007ರಲ್ಲಿ ದೇವನಹಳ್ಳಿಯ ಬಳಿಯ ನಲ್ಲೂರಿನ ಹುಣಿಸೆಯ ತೋಪು ದೇಶದ ಮೊದಲನೆಯ ಜೀವವೈವಿಧ್ಯ ಪರಂಪರೆಯ ತಾಣವಾಯಿತು. 2006ರ ಅರಣ್ಯಹಕ್ಕಿನ ಕಾಯಿದೆಯು ಮೇಯಿಸುವ ಹಕ್ಕನ್ನು ಸಮುದಾಯದ ಹಕ್ಕುಗಳಲ್ಲಿ ಎಣಿಸುತ್ತದೆ. 2022ರಲ್ಲಿ ಮಾಂಟ್ರಿಯಲ್ಲಿನಲ್ಲಿ ಸೇರಿದ ರಾಷ್ಟ್ರಗಳು ಭೂಮಿಯ ಶೇಕಡಾ 30 ಭಾಗವನ್ನು 2030ರೊಳಗಾಗಿ ಕಾಪಾಡಬೇಕೆಂದೂ, ಅದರಲ್ಲಿ ಮೂಲನಿವಾಸಿಗಳ ಮತ್ತು ಸ್ಥಳೀಯ ಜನರ ಹಕ್ಕುಗಳನ್ನು ಮನ್ನಿಸಬೇಕೆಂದೂ ಒಪ್ಪಿದುವು. ವಿಶ್ವಸಂಸ್ಥೆಯು 2026ನೆಯ ವರ್ಷವನ್ನು ಹುಲ್ಲುಗಾವಲುಗಳ ಮತ್ತು ಪಶುಪಾಲಕರ ವರ್ಷವೆಂದು ಸಾರಿದೆ. ನಲ್ಲೂರಿನ ತೋಪಿಗೆ ಸಂದ ಮರ್ಯಾದೆಯು ದೇವರೆತ್ತಿನ ಕಾವಲಿಗೆ ಸಲ್ಲಬಾರದೇಕೆ? ಹುಣಿಸೆಯ ಮರ ಎತ್ತರವಾಗಿದೆ, ಹುಲ್ಲು ಗಿಡ್ಡ. ಇದಲ್ಲದೆ ಬೇರೆ ಕಾರಣ ಕಾಣದು.

ಎಲ್ಲ ದೋಷವೂ ಹೊರಗಿನದೆಂದರೆ ಅನ್ಯಾಯವಾದೀತು. ಕಾವಲಿನ ಅಂಚನ್ನು ಒತ್ತಿ ಶೇಂಗಾ ಬಿತ್ತಿದವರಲ್ಲಿ ಸುತ್ತಲ ಊರಿನವರೂ ಉಂಟು. ಉಳಿದ ನೆಲಕ್ಕೆ ಬಳ್ಳಾರಿ ಜಾಲಿಯು ನುಗ್ಗಿದೆ. ಅದರ ಕಾಯನ್ನು ತಿಂದ ದನಕುರಿಗಳೇ ಅದರ ಬೀಜವನ್ನು ಸಗಣಿ ಹಿಕ್ಕೆಗಳಲ್ಲಿ ಬಿತ್ತುತ್ತ ಹೋಗುವುವು, ಅದು ಬೆಳೆದ ಕಡೆ ಹುಲ್ಲು ಹಿಂಜರಿಯುವುದು. ಬಯಲು ಕಿರಿದಾಗಿ ದನ ಅಷ್ಟೇ ಉಳಿದರೆ ನೆಲಕ್ಕೆ ಬಿಡುವೆಲ್ಲಿ? ಬರಗಾಲದಲ್ಲಿ ಗೋಶಾಲೆಗಳ ಮೇವಿಗೆ ಕೈಯೊಡ್ಡಬೇಕಾಗುವುದು. ಸ್ವತಃ ಮೇದು ಬದುಕುತ್ತಿದ್ದ ದೇವರ ದನವು ಲಾರಿಯಲ್ಲಿ ಬಂದ ಒಣಹುಲ್ಲಿಗೆ ಸಾಲು ನಿಲ್ಲುವುದನ್ನು ಕಂಡ ಹಿರಿಯರಿಗೆ ಏನೆನಿಸುವುದೋ! ಇನ್ನು ಕಿಲಾರಿಯ ಮಕ್ಕಳು ಶಾಲೆಗೆ ಹೋಗುವರು, ಹೋಗಲೇಬೇಕು. ಬೆಂಗಳೂರಿನಲ್ಲಿ ತಿಂಗಳ ಸಂಬಳ ಕಂಡ ಹುಡುಗನನ್ನು, ಕೆರವು ಕಳಚಿ ಮಂದೆಯ ಹಿಂದೆ ನಡೆಯೆಂದು ಯಾರು ಹೇಳಬಲ್ಲರು, ಹೇಳಿದರೂ ಯಾವ ನ್ಯಾಯದಿಂದ ಹೇಳಬಲ್ಲರು?

ಆದರೂ ಕಿಲಾರಿಗಳು ಮಂದೆಯನ್ನು ಬಿಟ್ಟಿಲ್ಲ. ಬೆಳಗಿನ ಇಬ್ಬನಿ ಆರಿದ ಮೇಲೆ ರೊಪ್ಪದ ಮುಳ್ಳುಬೇಲಿಯ ಬಾಯಿಯನ್ನು ಸರಿಸಿದರೆ, ಉದ್ದ ಕೊಂಬಿನ ಬೂದುಬಣ್ಣದ ದನಗಳು ಒಂದರ ಹಿಂದೊಂದಾಗಿ ಹೊರಬಿದ್ದು ಬಯಲಿಗೆ ಮುಖ ಮಾಡುವುವು. ಇಂದು ಯಾವ ದಿಕ್ಕಿನಲ್ಲಿ ಹುಲ್ಲಿದೆಯೆಂದು ಮುಂದಿನ ಎತ್ತಿಗೆ ಗೊತ್ತು. ಕಿಲಾರಿಯು ಕಂಬಳಿಯನ್ನು ಕೊಡವಿ ಹೆಗಲಿಗೆ ಹಾಕಿಕೊಂಡು, ಕೋಲನ್ನು ಎತ್ತಿಕೊಂಡು, ಅದರ ಹಿಂದೆ ನಡೆಯುವನು.