ಕುದುರೆ ಮಸಾಲೆ

ಮೊನ್ನೆ ಐರಣಿಯಿಂದ ತಮ್ಮನ ಮಗ ಫೋನು ಮಾಡಿದ್ದ. ಮದುವೆ ಮೆರವಣಿಗೆಗೆ ಬಾಡಿಗೆ ಬಿಡಲೆಂದು ಒಂದು ಬಿಳಿ ಕುದುರೆ ತಂದಿದ್ದಾನೆ. "ಅತ್ತಿ, ದಿನಾ ಎರಡು ಹೊತ್ತು ಗೋವಿನಜೋಳದ ನುಚ್ಚು ಹಾಕ್ತೀನಿ, ಮ್ಯಾಲೆ ಗೋದಿ ಬೂಸಾ. ರೊಕ್ಕ ನೀರಿನಂಗ ಹೊಂಟೈತಿ. ಕುದ್ರಿ ಮಾತ್ರ ಮೈ ಹಿಡೀವಲ್ದು" ಎಂದು ಗೋಳಾಡಿದ.

"ಮೊದಲು ಮೇವು ಹೊಂದಿಸಪಾ, ಕಾಳು ಆಮ್ಯಾಲೆ. ಬಾವಿ ದಂಡಿಗೆ ನಾಕು ಸಾಲು ಕುದುರೆ ಮಸಾಲೆ ಹಾಕು" ಎಂದೆ.

ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದ ಸೊಸೆ ನಕ್ಕುಬಿಟ್ಟಳು. "ಕುದುರಿಗೂ ಮಸಾಲಿ ಅರೀತಾರೇನ್ರಿ ಅತ್ತಿ?"

ನಗಲಿ ಬಿಡಿ. ಹಾವೇರಿ ಪೇಟೆಯಲ್ಲಿ ಬೆಳೆದ ಹುಡುಗಿ. ಮಸಾಲೆಯೆಂದರೆ ಅವಳ ಕಣ್ಣ ಮುಂದೆ ಬರುವುದು ಬ್ಯಾಡಗಿ ಮೆಣಸಿನಕಾಯಿ. ಕುದುರೆ ಮಸಾಲೆ ಎಂಬುದು ಮೇವಿನ ಬೆಳೆ. ಮೆಂತ್ಯದ ಸೊಪ್ಪಿನಂತೆ ಮೂರು ಮೂರು ಎಲೆ, ನೇರಳೆ ಬಣ್ಣದ ಹೂವು. ಇಂಗ್ಲಿಷಿನವರು ಲೂಸರ್ನ್ ಎನ್ನುತ್ತಾರೆ. ನೀರಿದ್ದರೆ ಕೊಯ್ದಷ್ಟೂ ಚಿಗುರುತ್ತದೆ. ಆ ಹೆಸರು ಇಟ್ಟವರು ಯಾರೋ, ನನಗಂತೂ ಅದು ಒಪ್ಪುವ ಹೆಸರು. ಮಸಾಲೆಯನ್ನು ಯಾರೂ ಹೊಟ್ಟೆ ತುಂಬ ತಿನ್ನುವುದಿಲ್ಲ. ರೊಟ್ಟಿ ರೊಟ್ಟಿಯೇ, ಮಸಾಲೆ ಮಸಾಲೆಯೇ. ಈ ಮಾತು ನಾನು ಕಲಿತದ್ದು ಅಡುಗೆಮನೆಯಲ್ಲಲ್ಲ, ಕುದುರೆಯ ಗೋದಲಿಯ ಮುಂದೆ.

ನನ್ನಪ್ಪ ಟಾಂಗಾ ಹೊಡೆಯುತ್ತಿದ್ದ. ತುಂಗಭದ್ರೆಯ ದಂಡೆಯ ನಮ್ಮ ಐರಣಿಯಿಂದ ರಾಣೆಬೆನ್ನೂರು ಪೇಟೆಗೆ ಜನ, ಕಾಳಿನ ಚೀಲ, ಬಾಣಂತಿಯರು, ಒಮ್ಮೊಮ್ಮೆ ಹೊಸ ಮದುಮಕ್ಕಳು, ಎಲ್ಲರೂ ಅದರಲ್ಲೇ. ಆಗಿನ್ನೂ ನಮ್ಮ ತಾಲೂಕು ಧಾರವಾಡ ಜಿಲ್ಲೆಯಲ್ಲಿತ್ತು. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಟಾಂಗಾದ ಕೆಂಚು ಬಣ್ಣದ ಹೆಣ್ಣು ಕುದುರೆಗೆ ನಾವು ಕೆಂಚವ್ವ ಎನ್ನುತ್ತಿದ್ದೆವು. ಲಗಾಮು ಅಪ್ಪನ ಕೈಯಲ್ಲಿ, ಅವಳ ಹೊಟ್ಟೆ ಅವ್ವನ ಕೈಯಲ್ಲಿ.

ಅವ್ವ ಬೆಳಗಾಗುವ ಮೊದಲೇ ಕುಡುಗೋಲು ಹಿಡಿದು ಹೊಲದ ಬದುವಿಗೆ ಹೋಗಿ ಕರಿಕೆ ಕೊಯ್ದು ತರುತ್ತಿದ್ದಳು. ಗಣಪತಿಗೆ ಏರಿಸುತ್ತೇವಲ್ಲ, ಅದೇ ಕರಿಕೆ. ಕುದುರೆಗೆ ಅದರಷ್ಟು ಒಗ್ಗುವ ಹುಲ್ಲು ಇನ್ನೊಂದಿಲ್ಲ. ಜೊತೆಗೆ ಸಣ್ಣಗೆ ಕತ್ತರಿಸಿದ ಜೋಳದ ಕಣಕಿ, ಶೇಂಗಾ ಕಿತ್ತ ಮೇಲೆ ಉಳಿದ ಬಳ್ಳಿಯ ಹೊಟ್ಟು. ಕಣಕಿಯನ್ನು ಸುಗ್ಗಿಯಲ್ಲೇ ಕೊಂಡು ಬಣವಿ ಒಟ್ಟಿಸುತ್ತಿದ್ದಳು. "ಬ್ಯಾಸಿಗ್ಯಾಗ ಕೊಂಡ್ರ ಎರಡರಷ್ಟು ರೊಕ್ಕ" ಎನ್ನುವುದು ಅವಳ ಲೆಕ್ಕ. ಬೂಸರು ಹಿಡಿದ ಹೊಟ್ಟನ್ನು ಮಾತ್ರ ಎಷ್ಟೇ ಬಡತನವಿದ್ದರೂ ತಿಪ್ಪೆಗೆ ಎಸೆಯುತ್ತಿದ್ದಳು.

ಸಂಜೆಗೆ ಒಂದು ಹಿಡಿ ಉಪ್ಪು ಹಾಕಿ ಹುರಳಿ ಬೇಯಿಸುತ್ತಿದ್ದಳು. ಬೆಂದ ಕಾಳು ಕೆಂಚವ್ವನಿಗೆ, ಬಸಿದ ಕಟ್ಟು ನಮಗೆ. ಆ ಕಟ್ಟಿಗೆ ಬೆಳ್ಳುಳ್ಳಿ ಒಗ್ಗರಣೆ ಬಿದ್ದರೆ ಓಣಿಯೆಲ್ಲ ಘಮಘಮ. ಒಮ್ಮೆ ಊಟಕ್ಕೆ ಕೂತ ನೆಂಟರೊಬ್ಬರು, "ಕುದುರಿ ಎಂಜಲಾ ಮಕ್ಕಳಿಗೆ ಹಾಕ್ತೀಯಲ್ಲವಾ" ಎಂದುಬಿಟ್ಟರು. ಅಪ್ಪನ ಮುಖ ಸಣ್ಣದಾಯಿತು. ಅವ್ವ ಸಾರಿನ ಸವುಟು ಕೆಳಗಿಡದೆಯೇ ಹೇಳಿದಳು: "ಎಂಜಲಾ ಅಲ್ರಿ ಅಣ್ಣಾರ. ಗಳಿಸಾಕಿ ಆಕಿ. ಆಕೀ ಪಾಲಿನಾಗ ನಮಗೂ ಒಂದೀಟು ಕೊಟ್ಟಾಳ." ನೆಂಟರು ಮತ್ತೊಮ್ಮೆ ಸಾರು ಹಾಕಿಸಿಕೊಂಡರು.

1972ರ ಬರ ಬಂತು. ಬದುವಿನ ಕರಿಕೆ ಒಣಗಿತು, ಬಣವಿ ಕರಗಿತು. ಅವ್ವ ಹೊಳೆಯ ತೇವವಿದ್ದ ಕಡೆಯೆಲ್ಲ ಹುಡುಕಿ ಹುಲ್ಲು ತಂದು ಕೆಂಚವ್ವನ ಜೀವ ಹಿಡಿದಳು. ಮುಂದಿನ ವರ್ಷ ಮಳೆಯಾಗಿ ಸುಗ್ಗಿ ಬಂದಾಗ ಅವಳ ಪಕ್ಕೆಲುಬು ಎಣಿಸುವ ಹಾಗಿದ್ದವು. ನನಗಾಗ ಹನ್ನೊಂದು ವರ್ಷ. ಮನೆಯಲ್ಲಿ ಹೊಸ ಜೋಳದ ಚೀಲ ಬಂದಿದೆ, ನಮಗೆ ಬಿಸಿ ರೊಟ್ಟಿ ಸಿಗುತ್ತಿದೆ, ಕೆಂಚವ್ವನಿಗೆ ಮಾತ್ರ ಅದೇ ಹುಲ್ಲು, ಅದೇ ಅಳತೆಯ ಹುರಳಿ! ಅವ್ವನದು ಎಂಥ ಕಲ್ಲು ಮನಸ್ಸು ಎನಿಸಿತು. ಒಂದು ಸಂಜೆ ಯಾರೂ ಇಲ್ಲದ ಹೊತ್ತು ನೋಡಿ ಅರ್ಧ ಬುಟ್ಟಿ ಜೋಳ ತಂದು ಗೋದಲಿಗೆ ಸುರಿದೆ. ಅವಳು ಕರಕರ ಅಗಿಯುತ್ತಿದ್ದರೆ ನನ್ನ ಕಣ್ಣಲ್ಲಿ ನೀರು. ಪುಣ್ಯದ ಕೆಲಸ ಮಾಡಿದೆನೆಂದು ನೆಮ್ಮದಿಯಾಗಿ ಮಲಗಿದೆ.

ನಡುರಾತ್ರಿ ಗದ್ದಲಕ್ಕೆ ಎಚ್ಚರವಾಯಿತು. ಕೆಂಚವ್ವ ನೆಲಕ್ಕೆ ಬಿದ್ದು ಹೊರಳುತ್ತಿದ್ದಳು. ಎದ್ದರೆ ಹೊಟ್ಟೆಯತ್ತ ಹೊರಳಿ ನೋಡುವುದು, ಕಾಲಿನಿಂದ ಒದ್ದುಕೊಳ್ಳುವುದು, ಮತ್ತೆ ಬೀಳುವುದು. ಮೈಯೆಲ್ಲ ಬೆವರು. ಅಪ್ಪ ಕಂದೀಲು ಹಿಡಿದು ಅಂಗಳದಲ್ಲಿ ಅವಳನ್ನು ನಡೆಸುತ್ತಲೇ ಇದ್ದ. ಬೆಳಗಿನ ಜಾವ ದನದ ಡಾಕ್ಟರು ಬಂದು ಮೂಗಿನಿಂದ ಕೊಳವೆ ಇಳಿಸಿ ಎಣ್ಣೆ ಹಾಕಿದರು. "ಏನು ತಿಂದೈತಿ?" ಎಂದು ಕೇಳಿದರು. ನಾನು ಕಂಬದ ಮರೆಯಿಂದ ಹೇಳಿದೆ.

ಅವರು ಬೈಯಲಿಲ್ಲ, ಕೂರಿಸಿಕೊಂಡು ತಿಳಿಸಿದರು. ಎತ್ತು ಮೆಲುಕು ಹಾಕುತ್ತದೆ, ಕುದುರೆ ಹಾಕುವುದಿಲ್ಲ. ಅದರ ಜಠರ ಮೈಗೆ ಹೋಲಿಸಿದರೆ ಸಣ್ಣದು. ದಿನವಿಡೀ ಸ್ವಲ್ಪ ಸ್ವಲ್ಪ ಹುಲ್ಲು ಮೇಯಲೆಂದೇ ಆದ ಹೊಟ್ಟೆ ಅದು. ಹುಲ್ಲು ಕೊಳೆತು ಕಸುವಾಗುವುದು ಹಿಂದಿನ ದೊಡ್ಡ ಕರುಳಿನಲ್ಲಿ. ಕಾಳು ಒಮ್ಮೆಲೇ ಹೆಚ್ಚು ಬಿದ್ದರೆ ಅರಗದೆ ಅಲ್ಲಿಗೆ ಇಳಿದು ಹುಳಿಯಾಗುತ್ತದೆ, ಗಾಳಿ ತುಂಬುತ್ತದೆ. ಕುದುರೆಗೆ ವಾಂತಿ ಮಾಡಿ ಹಗುರಾಗುವುದಕ್ಕೂ ಬರುವುದಿಲ್ಲ. ಆ ನಂಜು ಕಾಲಿಗೆ ಇಳಿದರೆ ಗೊರಸಿನೊಳಗೆ ಉರಿ ಏಳುತ್ತದೆ.

ಹಾಗೇ ಆಯಿತು. ಶೂಲೆ ನಿಂತಿತು, ಆದರೆ ಮುಂಗಾಲಿನ ಗೊರಸು ಮುಟ್ಟಿದರೆ ಕೆಂಡ. ಭಾರವನ್ನೆಲ್ಲ ಹಿಂಗಾಲಿಗೆ ಹಾಕಿ ನಿಂತವಳು ಹೆಜ್ಜೆ ಎತ್ತಲೊಲ್ಲಳು. ಅವ್ವ ಅವಳನ್ನು ಮೆಲ್ಲಗೆ ಹೊಳೆಗೆ ಇಳಿಸಿ ತಣ್ಣೀರಿನಲ್ಲಿ ನಿಲ್ಲಿಸುತ್ತಿದ್ದಳು. ಮೂರು ತಿಂಗಳು ಟಾಂಗಾ ಕಟ್ಟಲಿಲ್ಲ. ಅಪ್ಪ ಪೇಟೆಯಲ್ಲಿ ಚೀಲ ಹೊತ್ತ. ಬೆನ್ನಿಗೆ ಎಣ್ಣೆ ತಿಕ್ಕಿಸಿಕೊಳ್ಳುವಾಗ ಅವನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನನಗೆ ಹಗುರಾಗುತ್ತಿತ್ತು. ಅವ್ವ ಅಂದದ್ದು ಒಂದೇ ಮಾತು: "ಹಸಿವು ನೋಡಿ ಹಾಕಿದಿ, ಹೊಟ್ಟಿ ನೋಡಿ ಹಾಕಲಿಲ್ಲ ಮಗಳ."

ಆ ಮೂರು ತಿಂಗಳು ಕೆಂಚವ್ವನಿಗೆ ಮೇವು ಹಾಕುವ ಕೆಲಸ ಅವ್ವ ನನಗೇ ಕೊಟ್ಟಳು. ಶಿಕ್ಷೆಯೋ, ನಂಬಿಕೆಯೋ, ಇಂದಿಗೂ ಗೊತ್ತಿಲ್ಲ. ಮೊದಲು ಹುಲ್ಲು, ಆಮೇಲೆ ಕಾಳು. ನೂರು ಕಿಲೋ ತೂಕದ ಮೈಗೆ ದಿನಕ್ಕೆ ಸುಮಾರು ಎರಡು ಕಿಲೋ ಒಣ ಮೇವು ಬೇಕು. ಕೆಂಚವ್ವನಂಥ ಸಣ್ಣ ಕುದುರೆಗೆ ಐದು ಕಿಲೋ. ಅದನ್ನೂ ಒಮ್ಮೆಲೇ ಒಟ್ಟದೆ ಹಗಲಿಗೆ, ರಾತ್ರಿಗೆ ಹಂಚಿ ಹಾಕಬೇಕು. ದುಡಿಯದ ದಿನ ಕಾಳು ಕಡಿಮೆ. ಹೊಸದೇನೇ ಕೊಡುವುದಿದ್ದರೂ ಎಂಟು ಹತ್ತು ದಿನ ಹಿಡಿಹಿಡಿಯಾಗಿ ಬೆರೆಸಿ ರೂಢಿ ಮಾಡಿಸಬೇಕು. ನೀರು ಸದಾ ಇರಬೇಕು. ಬಾವಿಯಿದ್ದವರ ಹೊಲದಿಂದ ದಿನಕ್ಕೊಂದು ಸಣ್ಣ ಕಟ್ಟು ಕುದುರೆ ಮಸಾಲೆ ತರುತ್ತಿದ್ದೆ. ಬದಲಿಗೆ ಅವರಿಗೆ ನಮ್ಮ ಲದ್ದಿಗೊಬ್ಬರ.

ಕೆಂಚವ್ವ ಎದ್ದಳು. ಮತ್ತೆ ಐದು ವರ್ಷ ಟಾಂಗಾ ಎಳೆದಳು. ಆ ದುಡ್ಡಿನಲ್ಲೇ ನಾನು ಮ್ಯಾಟ್ರಿಕ್ ಓದಿದೆ.

ತಮ್ಮನ ಮಗನಿಗೆ ಇದನ್ನೆಲ್ಲ ಹೇಳಿದರೆ, "ಕಣಕಿ ಎಲ್ಲೈತಿ ಅತ್ತಿ? ಎಲ್ಲಾರೂ ಗೋವಿನಜೋಳಾನ ಹಾಕ್ಯಾರ" ಎಂದ. ಅವನ ಮಾತೂ ನಿಜ. ಮೆಕ್ಕೆಜೋಳ ಬಂದ ಮೇಲೆ ಊರಿನ ಕಣಕಿ ಬಣವಿಗಳು ಕಡಿಮೆಯಾದವು. ಆದರೆ ಬದುವಿನ ಕರಿಕೆ ಇನ್ನೂ ಇದೆ, ಶೇಂಗಾ ಹೊಟ್ಟು ಸಿಗುತ್ತದೆ. ಕುರಿಗಾರರ ಕುದುರೆಗಳನ್ನು ನೋಡು ಎಂದೆ. ಹಟ್ಟಿಯ ಸಾಮಾನೆಲ್ಲ ಬೆನ್ನ ಮೇಲೆ ಹೊತ್ತು ಊರೂರು ತಿರುಗುತ್ತವೆ. ದಾರಿಯ ಹುಲ್ಲೇ ಅವುಗಳ ಊಟ. ಇತ್ತ ಬೂಸಾವನ್ನೇ ನೆಚ್ಚಿದ ಕುದುರೆಗೆ ರಂಜಕ ಹೆಚ್ಚಾಗಿ, ಸುಣ್ಣದ ಅಂಶ ಸಾಲದೆ, ಎಲುಬು ಟೊಳ್ಳಾಗುತ್ತದೆ. ಆ ಸುಣ್ಣ ಕುದುರೆ ಮಸಾಲೆಯಲ್ಲಿದೆ, ಶೇಂಗಾ ಹೊಟ್ಟಿನಲ್ಲೂ ಇದೆ. ಕಾಳಿಗೆ ಸುರಿಯುವ ರೊಕ್ಕದ ಅರ್ಧ ಮೇವಿಗೆ ಹಾಕಿದರೆ ಕುದುರೆಯೂ ಉಳಿಯುತ್ತದೆ, ಕಿಸೆಯೂ ಉಳಿಯುತ್ತದೆ.

ಈಗ ನೆನೆದರೆ ಒಂದು ಮಾತು ಚುಚ್ಚುತ್ತದೆ. ಮನೆಯಲ್ಲಿ ಪ್ರತಿಯೊಬ್ಬರ ಪಾಲೂ ಅಳತೆಯಲ್ಲಿ ಇರುತ್ತಿತ್ತು. ಕೆಂಚವ್ವನಿಗೆ ಇಷ್ಟು, ಅಪ್ಪನಿಗೆ ಇಷ್ಟು, ಮಕ್ಕಳಿಗೆ ಇಷ್ಟು. ಅವ್ವ ತನ್ನ ಪಾಲನ್ನು ಅಳೆದುಕೊಂಡದ್ದನ್ನು ಮಾತ್ರ ನಾನು ಒಂದು ದಿನವೂ ನೋಡಲಿಲ್ಲ. ಕಟ್ಟಿನ ಸಾರಿನ ತಳದಲ್ಲಿ ಉಳಿದದ್ದೇ ಅವಳದು. ಕುದುರೆಯ ಹೊಟ್ಟೆ ನೋಡಲು ಕಲಿಸಿದವಳ ಹೊಟ್ಟೆಯನ್ನು ನಾವು ಯಾರೂ ನೋಡಲಿಲ್ಲ.

ತಿಂಗಳೊಪ್ಪತ್ತಾದ ಮೇಲೆ ತಮ್ಮನ ಮಗ ಫೋನಿಗೆ ಒಂದು ಫೋಟೋ ಕಳಿಸಿದ. ಬಾವಿಯ ದಂಡೆಗೆ ನಾಲ್ಕು ಹಸಿರು ಸಾಲು. ಸೊಸೆ ಇಣುಕಿ ನೋಡಿ, "ಅಯ್ಯ, ಇದು ಮೆಂತೆಪಲ್ಲೆ ಅಲ್ಲೇನ್ರಿ? ಒಂದು ಕಟ್ಟು ತರಿಸ್ರಿ, ಪಲ್ಲೆ ಮಾಡೋಣ" ಎಂದಳು.

"ಬ್ಯಾಡವಾ, ಅದು ಗಳಿಸಾಕಿ ಪಾಲು" ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಆ ರಾತ್ರಿ ಹುರಳಿ ಕಟ್ಟಿನ ಸಾರು ಮಾಡಿ ಮೊದಲು ಅವಳಿಗೇ ಬಡಿಸಿ, ಕಥೆ ಹೇಳಿದೆ.